ಹಿಮದೊಳಗಿನ ಮಸಿ

“ತಿನ್ನು ತಾಯಿ, ಕರಗಿ ನೀರಾಗತ್ತೆ,” ಎಂದು ಕಲ್ಲುಗಣಿ ಯಜಮಾನನ ಹೆಂಡತಿ ಉಮ್ ನಾಯಿಫ್ ತಾಮ್ರದ ಬಟ್ಟಲನ್ನು ನನ್ನ ಮುಂದಕ್ಕೆ ಸರಿಸಿದಳು.

ಬಟ್ಟಲ ತುಂಬ ಹಿಮ. ಹೊರಗೆ ಆಗಸ್ಟಿನ ಬಿಸಿಲು ಕಲ್ಲುಗಣಿಯ ಬಂಡೆಗಳನ್ನು ಕಾಯಿಸುತ್ತಿತ್ತು. ಪಕ್ಕದ ಕುಡಿಕೆಯಲ್ಲಿ ದ್ರಾಕ್ಷಿಯ ಜೋನಿಬೆಲ್ಲ. ಬೇಸಗೆಯಲ್ಲಿ ಮನೆಗೆ ಬಂದವರಿಗೆ ಹಿಮದ ಮೇಲೆ ಜೋನಿಬೆಲ್ಲ ಸುರಿದು ಕೊಟ್ಟರೆಂದರೆ, ಬೆಟ್ಟದ ಜನರಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಚಮಚ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು.

ಹಿಮದಲ್ಲಿ ಎಳ್ಳಿನಷ್ಟು ಸಣ್ಣ ಕಪ್ಪು ಚೂರುಗಳಿದ್ದವು. ಒಂದನ್ನು ಬೆರಳಿನಿಂದ ಒತ್ತಿದೆ. ಮಣ್ಣಿನ ಹಾಗೆ ಉದುರಲಿಲ್ಲ, ಜಿಡ್ಡಾಗಿ ಬೆರಳಿಗೆ ಮೆತ್ತಿಕೊಂಡಿತು. ಮೂಸಿದೆ. ಕಟ್ಟಿಗೆ ಹೊಗೆಯ ಹಳಸಲು ವಾಸನೆ.

ನಾನು ಜಹ್ಲೆ ಊರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟವಳು. ಪೊಲೀಸರಿಗೆ, ಕೋರ್ಟಿಗೆ ಹೆಣದ ಫೋಟೋ, ಒಡೆದ ಬೀಗದ ಫೋಟೋ ತೆಗೆದು ತೆಗೆದು ಕೊನೆಗೆ ಪತ್ತೇದಾರಿಕೆಗೂ ಇಳಿದೆ. ಬಿಳಿಯ ಮೇಲೆ ಕಪ್ಪು ಎಲ್ಲಿ ಬಿದ್ದಿದೆ, ಯಾಕೆ ಬಿದ್ದಿದೆ ಎಂದು ನೋಡುವುದೇ ನನ್ನ ಕಸುಬು. ಈ ಮಸಿ ಇಲ್ಲಿಗೆ ಹೇಗೆ ಬಂತು?

ಮರೆತುಹೋದ ರೈಲು ದಾರಿಯೊಂದನ್ನು ಹುಡುಕಿಕೊಂಡು ಭಾನುವಾರ ಈ ಬೆಟ್ಟ ಹತ್ತಿದ ಗೆಳೆಯ ವದೀಹ್ ಬುಧವಾರವಾದರೂ ವಾಪಸು ಬಂದಿರಲಿಲ್ಲ. ವದೀಹನಿಗೆ ಸಕ್ಕರೆ ಕಾಯಿಲೆ. ಸ್ವತಃ ಔಷಧಿ ಅಂಗಡಿಯವನೇ, ಆದರೂ ದಿನವೂ ಇನ್ಸುಲಿನ್ ಚುಚ್ಚಿಕೊಳ್ಳದೆ ಉಳಿಯುವ ಹಾಗಿಲ್ಲ. ಜೇಬಿನಲ್ಲಿ ಒಯ್ದದ್ದು ಒಂದು ದಿನಕ್ಕೆ ಆಗುವಷ್ಟು. ಪೊಲೀಸರು ಆಗಲೇ ಕಣಿವೆಯಲ್ಲಿ ಹೆಣ ಹುಡುಕುತ್ತಿದ್ದರು. ನನಗೆ ಮಾತ್ರ ಅವನು ಸತ್ತಿಲ್ಲ ಎಂದು ಒಳಗಿನಿಂದ ಯಾರೋ ಹೇಳುತ್ತಿದ್ದರು.

ನನ್ನ ಎಡಗಡೆ ವದೀಹನ ತಮ್ಮ ತನ್ನೂಸ್ ಕೂತಿದ್ದ. ಗುಡ್ಡದ ಆಚೆ ಮಗ್ಗುಲಲ್ಲಿ ಬೈರೂತಿನ ಸಾಹುಕಾರರಿಗಾಗಿ ಬೇಸಗೆ ಮನೆಗಳನ್ನು ಕಟ್ಟಿಸುತ್ತಿದ್ದ ಮನುಷ್ಯ. ಅಣ್ಣ ಕಾಣೆಯಾದ ಮೇಲೆ ಆ ಕೆಲಸವನ್ನೆಲ್ಲ ಬಿಟ್ಟು, ಸೋಮವಾರ ಅಳುತ್ತ ನನ್ನ ಸ್ಟುಡಿಯೋಗೆ ಬಂದ. ಅವತ್ತಿನಿಂದ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದ. ನಿದ್ದೆಯಿಲ್ಲದೆ ಅವನ ಕಣ್ಣು ಕೆಂಡವಾಗಿತ್ತು.

“ಉಮ್ ನಾಯಿಫ್, ಈ ಹಿಮ ಎಲ್ಲಿಯದು? ಸನ್ನೀನ್ ಶಿಖರದ್ದಾ?” ಎಂದೆ.

“ಹಿಮ ಅಂದ್ರೆ ಬೆಟ್ಟದ್ದೇ ಅಲ್ವಾ. ಇನ್ನೇನು, ನಾನು ಬೇಯಿಸಿ ತಂದ್ನಾ?”

“ನಮ್ಮ ಸಂತೆಗೆ ಬರೋ ಹಿಮದಲ್ಲಿ ಹುಲ್ಲು ಇರತ್ತೆ, ಕೆಮ್ಮಣ್ಣು ಇರತ್ತೆ. ಇದರಲ್ಲಿ ಮಸಿ ಇದೆ.”

“ಒಲೆ ಪಕ್ಕ ಇಟ್ಟಿದ್ದೆ, ಬಿದ್ದಿರತ್ತೆ.” ಅವಳು ಮುಖ ತಿರುಗಿಸಿ ಕಾಫಿ ಪಾತ್ರೆಗೆ ಕೈ ಹಾಕಿದಳು.

ಪಾಪ, ಸುಳ್ಳು ಹೇಳಿ ರೂಢಿಯಿಲ್ಲದ ಹೆಂಗಸು. ಕಾಫಿ ಒಲೆಗಿಟ್ಟು ಹಿತ್ತಲ ಬಾಗಿಲಿನಿಂದ ಹೋದವಳು, ಅದು ಉಕ್ಕುವ ಮೊದಲೇ ಬಟ್ಟಲು ಹಿಡಿದು ಬಂದಿದ್ದಳು. ಸನ್ನೀನ್ ಶಿಖರಕ್ಕೆ ಕತ್ತೆಯ ಮೇಲೆ ಅರ್ಧ ದಿನದ ದಾರಿ. ಅಂದರೆ ಹಿಮ ಹಿತ್ತಲಲ್ಲೇ ಎಲ್ಲೋ ಇತ್ತು.

ನಾನು ಮೇಲೆ ನೋಡಿದೆ. ಮಣ್ಣಿನ ಮಾಳಿಗೆಯನ್ನು ಹೊತ್ತ ಓಕ್ ತೊಲೆಗಳ ನಡುವೆ ಎರಡು ಕಬ್ಬಿಣದ ಹಳಿಗಳೂ ಇದ್ದವು. ನಮ್ಮ ಕಡೆ ಸೂರಿಗೆ ರೈಲು ಹಳಿ ಹಾಕಿದ ಮನೆಗಳು ಬೇಕಾದಷ್ಟಿವೆ. ಆದರೆ ಬೈರೂತಿನಿಂದ ದಮಾಸ್ಕಸಿಗೆ ಹೋಗುವ ದಾರಿಯ ಹಳಿ ಆರು ಬೆರಳು ಎತ್ತರ ಇರುತ್ತದೆ ಅಂತ ವದೀಹ್ ನನ್ನ ತಲೆ ತಿಂದು ಕಲಿಸಿದ್ದ. ಇವು ನಾಲ್ಕು ಬೆರಳು ಎತ್ತರವೂ ಇರಲಿಲ್ಲ.

ಹತ್ತು ವರ್ಷ ಪ್ರತಿ ಭಾನುವಾರವೂ ವದೀಹ್ ಹುಡುಕಿದ್ದು ಇದನ್ನೇ. ತುರ್ಕರು ನಮ್ಮನ್ನು ಆಳುತ್ತಿದ್ದ ಕಾಲದ ದೊಡ್ಡ ಯುದ್ಧದಲ್ಲಿ ರೈಲಿಗೆ ಕಲ್ಲಿದ್ದಲು ಸಿಗದೆ, ಕಾಡು ಕಡಿದು ಕಟ್ಟಿಗೆ ಸಾಗಿಸಲೆಂದು ಅವಸರದಲ್ಲಿ ಹಾಕಿದ ಪುಟ್ಟ ದಾರಿ. ಯುದ್ಧ ಮುಗಿಯುತ್ತಲೇ ಜನ ಹಳಿ ಕಿತ್ತರು. ಯಾವ ನಕ್ಷೆಯಲ್ಲೂ ಅದು ಉಳಿಯಲಿಲ್ಲ. ಊರಲ್ಲಿ ಎಲ್ಲರೂ “ವದೀಹನ ದೆವ್ವದ ರೈಲು” ಎಂದು ನಗುತ್ತಿದ್ದರು, ನಾನೂ ನಕ್ಕಿದ್ದೆ.

“ಉಮ್ ನಾಯಿಫ್, ನೀವು ಚಿಕ್ಕವರಿದ್ದಾಗ ಸೌದೆ ರೈಲು ನೋಡಿದ್ರಾ?”

ಅವಳ ಮುಖದ ಬಿಗಿ ಸಡಿಲವಾಯಿತು. ಅದನ್ನು ಯಾರೂ ಅವಳನ್ನು ಕೇಳಿರಲಿಲ್ಲ ಎಂದು ಕಾಣುತ್ತದೆ.

“ನೋಡದೆ ಏನು. ಆಟದ ಸಾಮಾನಿನ ಥರ ಇತ್ತು. ಎರಡು ಹಳಿ ಮಧ್ಯೆ ನಾನು ಕಾಲು ಅಗಲಿಸಿ ನಿಲ್ತಿದ್ದೆ. ಅದೇ ಆಟದ ಸಾಮಾನು ನಮ್ಮ ಕಾಡನ್ನೇ ನುಂಗಿ ನೀರು ಕುಡೀತು. ಮೊದಲು ಓಕ್ ಹೋಯ್ತು, ಆಮೇಲೆ ವಾಲ್ನಟ್, ಕೊನೆಗೆ ರೇಷ್ಮೆ ಹುಳಕ್ಕೆ ಅಂತ ಬೆಳೆಸಿದ್ದ ಹಿಪ್ಪುನೇರಳೆ. ನಮ್ಮಪ್ಪ ಮರ ತಬ್ಬಿಕೊಂಡು ನಿಂತ್ರೆ, ಸಿಪಾಯಿ ಅವನನ್ನ ಬಿಡಿಸಿ ಪಕ್ಕಕ್ಕೆ ಕೂರಿಸಿ ಕಡಿದ. ಆ ವರ್ಷ ಊಟಕ್ಕಿಲ್ಲದೆ ನಮ್ಮ ಓಣೀಲಿ ಅರ್ಧ ಮನೆ ಖಾಲಿ ಆಯ್ತು ತಾಯಿ.”

“ರೈಲು ಇಲ್ಲಿಂದ ಎಲ್ಲಿಗೆ ಹೋಗ್ತಿತ್ತು?”

“ಎಲ್ಲಿಗೆ ಅಂದ್ರೆ, ಗುಡ್ಡದ ಒಳಗೆ...”

“ಸಾಕು,” ಎಂದಿತು ಬಾಗಿಲಲ್ಲೊಂದು ದನಿ.

ಕಲ್ಲುಗಣಿಯ ಯಜಮಾನ ಫಂದಿ, ಮಗನ ಹೆಸರಿನಿಂದ ಊರವರ ಬಾಯಲ್ಲಿ ಅಬು ನಾಯಿಫ್, ಒಳಗೆ ಬಂದ. ಬಿಳಿ ಟೋಪಿ, ದಪ್ಪ ಮೀಸೆ, ಕಲ್ಲಿನ ಧೂಳು ಮೆತ್ತಿದ ಅಗಲ ಷರಾಯಿ. ಅವನ ಕಣ್ಣು ಮೊದಲು ಬಿದ್ದದ್ದು ಬಟ್ಟಲಿನ ಮೇಲೆ.

“ಇದನ್ನ ತರೋಕೆ ಯಾರು ಹೇಳಿದ್ರು?”

“ಯಾರು ಹೇಳಬೇಕು? ಬಂದವರಿಗೆ ಬರೀ ನೀರು ಕೊಟ್ಟು ಕಳಿಸ್ಲಾ? ನಮ್ಮಪ್ಪ ನನ್ನ ಹಾಗೆ ಬೆಳೆಸಿಲ್ಲ,” ಎಂದಳು ಉಮ್ ನಾಯಿಫ್. ಗಂಡನ ಮುಖ ನೋಡಿ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡಳು.

ಅವನು ನಮ್ಮ ಎದುರು ಕೂರಲಿಲ್ಲ. ತಟ್ಟೆಯಲ್ಲಿ ರೊಟ್ಟಿ, ಆಲಿವ್, ಗಟ್ಟಿ ಮೊಸರು ಇತ್ತು. ಮನೆಯ ಯಜಮಾನ ಅತಿಥಿಗಳ ಜೊತೆ ಒಂದು ತುತ್ತಾದರೂ ಮುರಿಯಬೇಕು. ಅವನು ಒಂದು ಆಲಿವ್ ಕೂಡ ಮುಟ್ಟಲಿಲ್ಲ. ನಮ್ಮ ಜೊತೆ ಉಪ್ಪು ತಿನ್ನಲು ಮನಸ್ಸಿಲ್ಲದವನ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಆಗಲೇ ಖಾತ್ರಿಯಾಯಿತು.

“ಅಬು ನಾಯಿಫ್, ನಿನ್ನೆ ನೀವು ಪೊಲೀಸರಿಗೆ ಏನು ಹೇಳಿದ್ರಿ? ಈ ಗುಡ್ಡದಲ್ಲಿ ರೈಲೂ ಇರಲಿಲ್ಲ, ಸುರಂಗಾನೂ ಇಲ್ಲ ಅಂತ ತಾನೆ?”

“ಹೇಳಿದ್ದೆ.”

“ಹಾಗಾದ್ರೆ ಹಿಮಕ್ಕೆ ಮಸಿ ಎಲ್ಲಿಂದ ಬಂತು? ಹಿಮಾನ ಯಾರೂ ಒಲೆ ಪಕ್ಕ ಇಡಲ್ಲ. ಉಗಿಬಂಡಿ ಓಡಾಡಿದ ಸುರಂಗದ ಮಾಡಿಗೆ ಮಾತ್ರ ಇಂಥ ಜಿಡ್ಡು ಮಸಿ ಹತ್ತಿರತ್ತೆ, ನೀರು ತೊಟ್ಟಿಕ್ಕಿದಾಗ ಉದುರತ್ತೆ. ದಮಾಸ್ಕಸಿನ ದೊಡ್ಡ ದಾರಿಯ ಸುರಂಗದಲ್ಲಿ ಇವತ್ತಿಗೂ ರೈಲು ಓಡ್ತಾ ಇದೆ, ಕಾವಲುಗಾರ ಇದ್ದಾನೆ, ಅಲ್ಲಿ ನೀವು ಹಿಮ ಕೂಡಿಡೋಕಾಗಲ್ಲ. ಅಂದ್ರೆ ಇನ್ನೊಂದು ಸುರಂಗ ಇದೆ. ನಿಮ್ಮ ಹಿತ್ತಲಲ್ಲಿ ಇದೆ.”

ತನ್ನೂಸ್ ಬೆನ್ನು ನೆಟ್ಟಗೆ ಮಾಡಿ ಕೂತ.

“ಚೆನ್ನಾಗಿ ಮಾತಾಡ್ತೀರಿ,” ಎಂದ ಫಂದಿ. “ಫೋಟೋ ತೆಗೆಯೋರಿಗೆ ಇಷ್ಟು ಮಾತು ಬರತ್ತೆ ಅಂತ ಗೊತ್ತಿರ್ಲಿಲ್ಲ.”

“ನಿಮ್ಮ ಗಣಿಗೆ ಮಾತ್ರ ಮಾತು ನಿಂತುಹೋಗಿದೆಯಲ್ಲ. ಭಾನುವಾರದಿಂದ ಒಂದು ಮದ್ದೂ ಸಿಡಿದಿಲ್ಲವಂತೆ. ಬೈರೂತಿನವರು ಕಲ್ಲಿಗೆ ಕ್ಯೂ ನಿಂತಿರೋ ಕಾಲದಲ್ಲಿ.”

“ಗುಡ್ಡಕ್ಕೂ ಸ್ವಲ್ಪ ವಿಶ್ರಾಂತಿ ಬೇಡ್ವಾ?”

“ಹಳಿ ಹೋದ ನೆಲ ಸರಕಾರದ್ದು ಅಬು ನಾಯಿಫ್. ವದೀಹ್ ಆ ದಾರಿ ಇತ್ತು ಅಂತ ತೋರಿಸಿಕೊಟ್ರೆ ನಿಮ್ಮ ಗಣಿ ಅರ್ಧ ಕೈಬಿಟ್ಟು ಹೋಗತ್ತೆ.”

“ಅರ್ಧ ಎಲ್ಲಿ ಬಂತು, ಮುಕ್ಕಾಲು ಹೋಗತ್ತೆ ಅಂದ ಅವನು.”

ಒಲೆಯ ಮೇಲೆ ಕಾಫಿ ಉಕ್ಕಿ ಸುರ್ರೆಂದಿತು.

“ಯಾವಾಗ ಅಂದ?” ನಾನು ಮೆಲ್ಲಗೆ ಕೇಳಿದೆ. “ವದೀಹನ ಮುಖಾನೇ ನೋಡಿಲ್ಲ ಅಂತ ಪೊಲೀಸರಿಗೆ ಹೇಳಿದ್ರಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಲ್ಲ ಯಜಮಾನ್ರೆ.”

ಅವನು ಷರಾಯಿಯ ಧೂಳು ಕೊಡವಿಕೊಂಡ. ಸಿಟ್ಟೂ ಬರಲಿಲ್ಲ ಅವನಿಗೆ. ಅದೇ ನನ್ನನ್ನು ಉರಿಸಿತು.

ತನ್ನೂಸ್ ಎದ್ದು ನಿಂತ. “ಅಬು ನಾಯಿಫ್, ನಮ್ಮಣ್ಣ ಎಲ್ಲಿ? ನಿಮ್ಮ ಕಾಲು ಹಿಡೀತೀನಿ. ಅವನಿಗೆ ಔಷಧಿ ಬೇಕು.”

ಫಂದಿ ಅವನತ್ತ ತಿರುಗಿಯೂ ನೋಡಲಿಲ್ಲ. ಸಿತ್ತ್ ಎಂದು ಮರ್ಯಾದೆಯಿಂದಲೇ ಕರೆದು ನನಗೇ ಹೇಳಿದ. “ಸಿತ್ತ್ ವಿದಾದ್, ನಾಳೆ ಬೆಳಿಗ್ಗೆ ಬನ್ನಿ. ಒಬ್ಬರೇ ಬನ್ನಿ. ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತೀನಿ.”

“ನಾಳೆಗೆ ವದೀಹ್ ಇರಲ್ಲ.”

“ದೇವರು ದೊಡ್ಡವನು.”

“ಅಕ್ಕನ್ನ ಒಬ್ಬಳನ್ನೇ ಕರೆಸಿಕೊಂಡು ಏನು ಮಾಡ್ಬೇಕು ಅಂತಿದ್ದೀರಿ?” ಎಂದು ತನ್ನೂಸ್ ಹಲ್ಲು ಕಚ್ಚಿದ.

ಆಗಲೂ ಫಂದಿ ಅವನತ್ತ ನೋಡಲಿಲ್ಲ. ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. ಹೊರಡಿ ಎನ್ನುವುದಕ್ಕೆ ನಮ್ಮಲ್ಲಿ ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ಅಂಗಳ ದಾಟುವವರೆಗೆ ನಾನು ನಡೆದೆ, ಆಮೇಲೆ ಓಡಿದೆ. ಐವತ್ತು ದಾಟಿದ ಹೆಂಗಸು, ಹೆಗಲಲ್ಲಿ ಕ್ಯಾಮೆರಾ, ಕಾಲಲ್ಲಿ ಪೇಟೆಯ ಚಪ್ಪಲಿ. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

“ಕಾರು ಆ ಕಡೆ ಇದೆ ಅಕ್ಕ,” ಎಂದ ತನ್ನೂಸ್.

“ಕಾರು ಹಾಳಾಗ್ಲಿ. ತಿರುವಿನಾಚೆ ನಿಂತಿದೆ, ಫಂದಿಗೆ ಕಾಣಲ್ಲ, ನಾವು ಪೊಲೀಸ್ ಠಾಣೆಗೆ ಹೋದ್ವಿ ಅಂದ್ಕೊಳ್ಳಲಿ. ಕಾರಿನಿಂದ ಲಾಟೀನು ತಂದ್ಬಿಡು, ಹಿಂದಿನಿಂದ ಸುತ್ತಿ ಬರೋಣ.”

ಅವನು ಲಾಟೀನಿನ ಜೊತೆ ಒಂದು ಹಾರೆಯನ್ನೂ ತಂದ. ಬುದ್ಧಿವಂತ ಹುಡುಗ ಅಂದುಕೊಂಡೆ.

ಹಿತ್ತಲಿನ ಹಿಂದೆ ಗಣಿಯವರು ಕಡಿದ ಬಂಡೆಯ ಗೋಡೆ ಉದ್ದಕ್ಕೂ ನಿಂತಿತ್ತು. ಎಲ್ಲಿ ಹುಡುಕುವುದು? ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸ. ಬಿಸಿಲು ನೆತ್ತಿ ಸುಡುತ್ತಿತ್ತು. ಬೆವರು ಒರೆಸಿಕೊಳ್ಳುತ್ತ ನಿಂತಾಗ ಫಂದಿಯ ಆಡುಗಳು ಕಂಡವು. ಪಕ್ಕದಲ್ಲೇ ವಾಲ್ನಟ್ ಮರದ ದಟ್ಟ ನೆರಳಿತ್ತು. ಒಂದು ಆಡೂ ಅಲ್ಲಿರಲಿಲ್ಲ. ಎಲ್ಲವೂ ಬಿಸಿಲಲ್ಲೇ, ಒಂದು ಮುಳ್ಳಿನ ರಾಶಿಗೆ ಮೂಗು ತಾಗಿಸಿಕೊಂಡು ಒಂದರ ಮೇಲೊಂದು ಒತ್ತರಿಸಿ ಮಲಗಿದ್ದವು.

ನಾನು ಹೋಗಿ ಮುಳ್ಳಿನ ಹತ್ತಿರ ಕೈ ಹಿಡಿದೆ. ತಣ್ಣನೆಯ ಗಾಳಿ ಅಂಗೈಗೆ ಬಡಿಯಿತು.

“ತನ್ನೂಸ್,” ಎಂದೆ. “ಬೆಟ್ಟ ಉಸಿರಾಡ್ತಾ ಇದೆ ಕಣೋ.”

ಇಬ್ಬರೂ ಮುಳ್ಳು ಎಳೆದು ಹಾಕಿದೆವು. ಹಿಂದೆ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಕಿಂಡಿ. ಒಳಗೆ ಹೆಜ್ಜೆಯಿಟ್ಟು ಬೆನ್ನು ನೆಟ್ಟಗೆ ಮಾಡಿದರೆ ತಲೆಗೆ ಏನೂ ತಾಗಲಿಲ್ಲ. ಲಾಟೀನು ಎತ್ತಿದೆವು. ಕಲ್ಲಿನ ಕಮಾನು, ಅದರ ತುಂಬ ಐವತ್ತು ವರ್ಷದ ಮಸಿ ಡಾಂಬರಿನ ಹಾಗೆ ಹೊಳೆಯುತ್ತಿತ್ತು. ನೆಲದಲ್ಲಿ ಹಳಿಯ ಕೆಳಗಿನ ಅಡ್ಡದಿಮ್ಮಿಗಳನ್ನು ಕಿತ್ತ ಗುಂಡಿಗಳು, ಏಣಿಯ ಮೆಟ್ಟಿಲಂತೆ ಒಂದರ ಹಿಂದೊಂದು ಕತ್ತಲೊಳಗೆ ಹೋಗಿದ್ದವು.

ನನಗೆ ಕೂಗಬೇಕು ಅನಿಸಿತು, ಕುಣಿಯಬೇಕು ಅನಿಸಿತು. ಅಯ್ಯೋ ವದೀಹ್, ನಿನ್ನ ದೆವ್ವದ ರೈಲು ಇತ್ತು ಕಣೋ. ನಿನ್ನ ನೋಡಿ ನಕ್ಕವರೆಲ್ಲ ಈಗ ಬಂದು ನೋಡಲಿ, ನಕ್ಕವರ ಸಾಲಿನಲ್ಲಿ ಮೊದಲು ನನ್ನನ್ನೇ ನಿಲ್ಲಿಸಲಿ.

ಎಡಕ್ಕೆ ಹುಲ್ಲು ಮುಚ್ಚಿದ ಹಿಮದ ದಿಬ್ಬ. ಮೂಲೆಯಲ್ಲಿ ಉಮ್ ನಾಯಿಫ್ ಅಗೆದ ಹೊಸ ಗುರುತು. ಅದರ ಪಕ್ಕ ಒಂದು ಮಣ್ಣಿನ ಲೋಟ ಹಿಮದಲ್ಲಿ ಹೂತಿತ್ತು. ತೆಗೆದು ನೋಡಿದರೆ ಒಳಗೆ ಗಾಜಿನ ಪುಟ್ಟ ಸೀಸೆ. ಇನ್ಸುಲಿನ್. ಅರ್ಧ ಖಾಲಿಯಾಗಿತ್ತು.

“ಬದುಕಿದ್ದಾನೆ. ತನ್ನೂಸ್, ನಿಮ್ಮಣ್ಣ ಬದುಕಿದ್ದಾನೆ.”

ಅವನು ಸೀಸೆಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. “ಖಾತ್ರಿನಾ ಅಕ್ಕ?”

“ಇದು ವದೀಹನ ಅಂಗಡಿಯದಲ್ಲ, ಬೇರೆ ಊರಿನ ಚೀಟಿ ಇದೆ. ಯಾರೋ ಕೊಂಡು ತಂದಿದ್ದಾರೆ. ಆದ್ರೆ ಕೂಡಿಹಾಕಿದವನು ಔಷಧಿ ತಂದು ಹೀಗೆ ಜೋಪಾನವಾಗಿ ತಣ್ಣಗೆ ಯಾಕಿಡ್ತಾನೆ?”

“ಜೀವ ಇದ್ರೆ ತಾನೆ ಹೆದರಿಸಿ ಬಾಯಿ ಮುಚ್ಚಿಸೋಕಾಗೋದು,” ಎಂದ ಅವನು ತಟ್ಟನೆ.

ಹೌದಲ್ಲ ಅನಿಸಿತು. ಮುಂದೆ ನಡೆದೆವು. ಸುರಂಗ ಬಲಕ್ಕೆ ಬಾಗಿತು. ಗಾಳಿ ಎದುರಿನಿಂದ ಬರುತ್ತಿತ್ತು. ಆ ಕಡೆಗೂ ಒಂದು ಬಾಯಿ ಇರಲೇಬೇಕು.

“ಇದು ಎಲ್ಲಿ ಹೊರಬೀಳತ್ತೋ,” ಎಂದೆ.

“ನನ್ನ ಸೈಟಿನ ಹತ್ರ ಅಂತೂ ಏನೂ ಇಲ್ಲ,” ಎಂದ ತನ್ನೂಸ್.

ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಯಾಕೆಂದರೆ ಆಗಲೇ ಲಾಟೀನಿನ ಬೆಳಕಿನಲ್ಲಿ ದಾರಿಗೆ ಅಡ್ಡಲಾಗಿ ಒಂದು ಗೋಡೆ ಎದ್ದು ನಿಂತಿತ್ತು. ಗಾರೆ ಇಲ್ಲದೆ ಪೇರಿಸಿದ ಕಲ್ಲು. ಹಳೆಯ ಕಲ್ಲುಗಳಿಗೆ ಮಸಿ ಹತ್ತಿತ್ತು, ಇವು ಬೆಳ್ಳಗೆ ಹೊಸದಾಗಿದ್ದವು. ಸಂದಿಯಲ್ಲಿ ಕಂಡೂ ಕಾಣದ ಹಾಗೆ ದೀಪದ ಎಳೆ. ನಾನು ನೋಡುತ್ತಿದ್ದ ಹಾಗೇ ಅದು ಆರಿತು.

ನಾನು ಗೋಡೆಗೆ ಬಾಯಿ ಹಚ್ಚಿದೆ. “ವದೀಹ್. ನಾನು, ವಿದಾದ್.”

ಒಳಗಿನಿಂದ ಉಸಿರು ಬಿಟ್ಟ ಸದ್ದು. ಆಮೇಲೆ ನನಗೆ ನಲವತ್ತು ವರ್ಷದಿಂದ ಗೊತ್ತಿದ್ದ ದನಿ. “ವಿದಾದ್? ನಿಜವಾಗ್ಲೂ ನೀನೇನಾ?”

ಅಳು ಬಂತು ನನಗೆ. ಅತ್ತೆ, ನಕ್ಕೆ, ಎರಡನ್ನೂ ಒಟ್ಟಿಗೇ ಮಾಡಿದೆ. “ನಾನೇ ಕಣೋ ದರಿದ್ರದವನೇ. ಸುರಂಗಾನೂ ನೋಡ್ದೆ, ಮಸೀನೂ ನೋಡ್ದೆ. ಕಲ್ಲು ತೆಗೀತೀವಿ, ಆ ಕಡೆಯಿಂದ ನೀನೂ ಕೈ ಹಾಕು.”

“ಕಾಲು ಮುರಿದಿದೆ. ಕೂತ್ಕೊಂಡೇ ತೆಗೀತೀನಿ. ನಿಲ್ಲು.”

ಆ ಕಡೆ ಕಲ್ಲು ಸರಿಯತೊಡಗಿತು. ಒಂದು ಕಲ್ಲು ಬಿತ್ತು, ಇನ್ನೊಂದು ಬಿತ್ತು. ಕೈ ತೂರುವಷ್ಟು ಕಿಂಡಿಯಾಯಿತು. ಅವನ ಬೆರಳು ಕಂಡವು. ಹಿಡಿದುಕೊಂಡೆ, ಬೆಚ್ಚಗಿದ್ದವು. ಖುಷಿಗೆ ನನ್ನ ಬಾಯಿ ನಿಲ್ಲಲಿಲ್ಲ.

“ಇನ್ನು ಹೆದರಬೇಡ. ಫಂದಿಗೆ ಮಾಡ್ತೀನಿ ಪೂಜೆ. ನಿನ್ನ ಹುಡುಕಿ ಹುಡುಕಿ ನಿನ್ನ ತಮ್ಮನೂ ಅರ್ಧ ಆಗಿದ್ದಾನೆ. ಇಲ್ಲೇ ಇದ್ದಾನೆ ನೋಡು, ನನ್ನ ಜೊತೆ.”

ಬೆರಳು ನನ್ನ ಕೈಯಿಂದ ಕಿತ್ತುಕೊಂಡು ಒಳಗೆ ಹೋದವು.

ಆಮೇಲೆ ತೆಗೆದ ಕಲ್ಲನ್ನು ವದೀಹ್ ಮತ್ತೆ ಕಿಂಡಿಗೆ ಇಡುತ್ತಿದ್ದಾನೆ ಎಂದು ಗೊತ್ತಾಯಿತು. ಅವಸರದಲ್ಲಿ, ಏದುಸಿರು ಬಿಡುತ್ತ.

“ವದೀಹ್? ಏನು ಮಾಡ್ತಿದ್ದೀಯೋ?”

ಉಳಿದ ಸಂದಿಯಿಂದ ಅವನ ಪಿಸುಮಾತು ಬಂತು. “ನನ್ನನ್ನ ಕೂಡಿಹಾಕಿಲ್ಲ ವಿದಾದ್. ನಾನೇ ಅಬು ನಾಯಿಫ್ ಮನೆ ಹೊಸ್ತಿಲು ಹಿಡ್ಕೊಂಡು ಆಸರೆ ಬೇಡಿದೆ. ಅವನು ಕೊಟ್ಟ, ಈ ಗೋಡೆ ಕಟ್ಟಿ ಬಚ್ಚಿಟ್ಟ. ಭಾನುವಾರ ನನ್ನನ್ನ ಬಂಡೆ ಮೇಲಿಂದ ಕೆಳಗೆ ನೂಕಿದ್ದು ತನ್ನೂಸ್. ಈ ದಾರಿ ಹೊರಬೀಳೋದು ಅವನ ಸೈಟಿನಲ್ಲೇ, ಆ ನೆಲಾನೂ ಸರಕಾರಕ್ಕೆ ಹೋಗತ್ತೆ.”

ನಾನು ಗೋಡೆಗೆ ಕೈ ಒತ್ತಿ ಹಿಡಿದು ಹಾಗೇ ನಿಂತೆ. ತಿರುಗಲು ಧೈರ್ಯ ಬರಲಿಲ್ಲ. ಲಾಟೀನು, ಹಾರೆ ಎರಡೂ ನನ್ನ ಬೆನ್ನ ಹಿಂದೆ, ತನ್ನೂಸನ ಕೈಯಲ್ಲಿದ್ದವು.